ತಾಳ ಹಾಕಿದ ಕೈ

ನನ್ನ ಬಲಗೈಯನ್ನು ನಾನು ಈಗ ನಂಬುವುದಿಲ್ಲ. ನಾಲ್ಕು ಜನ ಕೂತ ಕಡೆ ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತೇನೆ. ಮೊದಮೊದಲು ಇದನ್ನು ನೋಡಿ ಹೆಂಡತಿ ಕೈಗೇನೋ ಆಗಿದೆ ಎಂದು ಹೆದರಿದಳು. ಏನೂ ಆಗಿಲ್ಲ ಎಂದೆ. ಆಗಬೇಕಾದದ್ದೆಲ್ಲ ಚಿಕ್ಕಮ್ಮನ ಊರು ಮತ್ತೋಡಿನಲ್ಲಿ ಆಗಿಹೋಗಿತ್ತು.

ಶುರುವಾದದ್ದು ಕಿವಿಯಿಂದ. ಈಗಿನವರ ಹಾಡು ಕೇಳಿದಾಗಲೆಲ್ಲ ನನ್ನದೊಂದು ದೂರು. ಟಿ.ವಿ.ಯ ಸ್ಪರ್ಧೆಗಳಲ್ಲಿ ಹಾಡುವ ಹುಡುಗ ಹುಡುಗಿಯರಿಗೆ ಶ್ರುತಿಯಿದೆ, ಗಮಕವಿದೆ, ಅಳಬೇಕಾದ ಜಾಗದಲ್ಲಿ ಕಣ್ಣೀರೂ ಬರುತ್ತದೆ. ದನಿ ಮಾತ್ರ ಇಲ್ಲ. ಮೈಕನ್ನು ಸುಟ್ಟ ಜೋಳದ ತೆನೆಯ ಹಾಗೆ ಬಾಯಿಗೆ ಹಿಡಿದುಕೊಂಡು, ಪಕ್ಕದ ಮನೆಯ ಗುಟ್ಟು ಹೇಳುವವರಂತೆ ಪಿಸುಗುಟ್ಟುತ್ತಾರೆ. ಹೊಟ್ಟೆಯಿಂದ ಎದ್ದು, ಎದೆಯಲ್ಲಿ ತುಂಬಿ, ಬಾಯಿ ತೆರೆದರೆ ಎದುರು ಗೋಡೆಗೆ ಹೋಗಿ ತಾಕುವಂಥ ಕಂಠ ಎಲ್ಲಿ ಹೋಯಿತು ಎಂದು ನಾನು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದೆ. ಕೇಳಲು ನನಗೇನು ಹಕ್ಕು ಎಂದು ನೀವು ಕೇಳಬಹುದು. ಚಿಕ್ಕಂದಿನಲ್ಲಿ ಸಂಗೀತದ ಪಾಠಕ್ಕೆ ಹೋಗಿ, ಹಾಡು ಬರದೆ, ತಾಳವಷ್ಟೇ ಬಂದು ವಾಪಸಾದವನು ನಾನು.

"ಹಾಡೋರ ಗಂಟ್ಲು ಆಮ್ಯಾಲೆ. ಮೊದ್ಲು ನಿಮ್ ಕಿವಿ ತೋರಿಸ್ಕಳ್ರಿ," ಎಂದಳು ಹೆಂಡತಿ ಒಂದು ದಿನ.

ನಾನು ಹೆದರುವ ಕುಳ. ಮಾರನೆಯ ದಿನವೇ ಹೋಗಿ ತೋರಿಸಿದೆ. ಕಿವಿ ಚೆನ್ನಾಗಿದೆ ಎಂದರು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕಿವಿ ಚೆನ್ನಾಗಿದ್ದೂ ಹೀಗೆ ಕೇಳಿಸುತ್ತಿದೆ ಎಂದರೆ ತಲೆಯಲ್ಲೇ ಏನೋ ಇರಬೇಕೆಂದು ಬಹಳ ದಿನ ಯೋಚಿಸಿದೆ.

ದೂರು ಊಟದ ತಟ್ಟೆಯ ಸುತ್ತಲೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಚಿತ್ರದುರ್ಗದಲ್ಲಿ ನಮ್ಮ ಬಡಾವಣೆಗೊಂದು ಸಂಘವಿದೆ. ಅದರ ವಾರ್ಷಿಕೋತ್ಸವಕ್ಕೆ ಯಾರನ್ನು ಹಾಡಿಸೋಣ ಎಂಬ ಮಾತು ಸಭೆಯಲ್ಲಿ ಬಂದಾಗ ನಾನು ಎದ್ದು ನಿಂತೆ. ಮೈಕಿಲ್ಲದೆ ಕೊನೆಯ ಸಾಲಿನವರಿಗೂ ಕೇಳಿಸುವಂತೆ ಹಾಡುವವರನ್ನು ನಾನು ತರುತ್ತೇನೆ, ಅಂಥವರು ನಮ್ಮ ಸುತ್ತಮುತ್ತಲೇ ಇದ್ದಾರೆ ಎಂದುಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೂತ ಮೇಲೆ ಲೆಕ್ಕ ಹಾಕಿ ನೋಡಿದೆ. ಅಂಥವರು ಒಬ್ಬರೂ ನನಗೆ ಗೊತ್ತಿರಲಿಲ್ಲ.

ಹುಡುಕಲು ಹೊರಟಾಗ ಜೊತೆಗೆ ಬಂದವರು ಸಂತೆಪೇಟೆಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ನನ್ನ ಹಳೆಯ ಸ್ನೇಹಿತರಾದ ಸಾಬರು. "ಸಾರ್, ನೀವು ಹುಡುಕ್ತಿರೋರು ಸಿಕ್ಬಿಟ್ರೆ ನನ್ ಅಂಗ್ಡಿಗೆ ಬೀಗ ಹಾಕ್ಬೇಕಾಗ್ತದೆ," ಎಂದರು. "ಆದ್ರೂ ನಡೀರಿ, ಹೋಗಾಣ. ಸಾಯೋದ್ರಾಗೆ ನಾನೂ ಒಂದ್ಸಲ ಕೇಳಾಣ."

ನಮ್ಮದೊಂದು ಪರೀಕ್ಷೆಯಿತ್ತು. ಸಾಬರು ಮೈಕ್ ಹಾಕಿದ ಮದುವೆಗಳಿಗೆ ನಾನೂ ಹೋಗುವುದು, ವಾದ್ಯಗೋಷ್ಠಿಯವರು ಹಾಡುವಾಗ ಕರೆಂಟು ಹೋಗುವುದನ್ನು ಕಾಯುವುದು. ಕರೆಂಟು ಹೋದ ಮೇಲೂ ಯಾರ ದನಿ ಉಳಿಯುತ್ತದೋ ಅವರೇ ನಮ್ಮವರು. ಹಿರಿಯೂರಿನ ಒಂದು ಛತ್ರದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬ ಹುಡುಗಿ ಹಾಡುತ್ತಿದ್ದಳು. ದನಿ ಊಟದ ಹಾಲಿನವರೆಗೂ ಮೊಳಗುತ್ತಿತ್ತು. ಕರೆಂಟು ಮಾತ್ರ ಹೋಗಲೊಲ್ಲದು. ನನಗೆ ತಡೆಯಲಾಗಲಿಲ್ಲ. ಸಾಬರಿಗೆ ಕಣ್ಣು ಮಾಡಿದೆ. ಅವರು ಅವಳ ಮೈಕಿನ ಗುಂಡಿಯನ್ನು ಮೆಲ್ಲಗೆ ಕೆಳಗಿಳಿಸಿದರು. ಕೀಬೋರ್ಡು ಉಳಿಯಿತು, ತಬಲಾ ಉಳಿಯಿತು. ಹುಡುಗಿಯ ಬಾಯಿ ಗಾಜಿನ ತೊಟ್ಟಿಯ ಮೀನಿನ ಬಾಯಿಯ ಹಾಗೆ ಸುಮ್ಮನೆ ಆಡುತ್ತಿತ್ತು. ಅವಳು ಮೈಕನ್ನು ತಟ್ಟಿ ನೋಡಲಿಲ್ಲ. ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡಳು.

ಇಳಿದು ಬಂದು ಸಾಬರನ್ನು ಕೇಳಿದಳು. "ನಂದೇನಾದ್ರೂ ತಪ್ಪಾಯ್ತಾ ಸಾರ್?"

"ಇಲ್ಲಮ್ಮ, ವೈರ್ ಲೂಸಾಗಿತ್ತು," ಎಂದರು ಸಾಬರು. ವಾಪಸು ಬರುವಾಗ ವ್ಯಾನಿನಲ್ಲಿ, ಐಮಂಗಲ ದಾಟಿದ ಮೇಲೆ, "ಇನ್ನೊಂದ್ಸಲ ಇಂಥ ಕೆಲ್ಸ ನಂಗೆ ಹೇಳ್ಬ್ಯಾಡ್ರಿ," ಎಂದರು. ನಾನು ಆಗಲೇ ಬುದ್ಧಿ ಕಲಿಯಬೇಕಿತ್ತು. ಕಲಿಯುವ ಬದಲು, ಹಿರಿಯೂರು ಆಯಿತು, ಇನ್ನು ಹೊಳಲ್ಕೆರೆ ಕಡೆ ನೋಡೋಣ ಎಂದುಕೊಂಡೆ.

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ವಡೆ ಮಾರುವವನೊಬ್ಬನ ಕೂಗು ಕೇಳಿ ನನಗೆ ಮೈ ಜುಮ್ಮೆಂದಿತು. ರೈಲಿನ ಸದ್ದನ್ನು ಸೀಳಿಕೊಂಡು ಆ ಕೂಗು ಕೊನೆಯ ಡಬ್ಬಿಯವರೆಗೂ ಹೋಗುತ್ತಿತ್ತು. ಅಗತ್ಯಕ್ಕಿಂತ ಹೆಚ್ಚು ವಡೆ ಕೊಂಡು, ಒಂದು ಹಾಡು ಹೇಳಪ್ಪ ಎಂದೆ. ಅವನು ಬುಟ್ಟಿ ಕೆಳಗಿಟ್ಟು, ಕಣ್ಣು ಮುಚ್ಚಿ, ಟಿ.ವಿ.ಯ ಹುಡುಗರ ಹಾಗೆಯೇ ಪಿಸುಗುಟ್ಟತೊಡಗಿದ.

"ಜೋರಾಗಿ ಹೇಳೋ, ವಡೆ ಕೂಗ್ದಂಗೆ."

"ಅದು ಕೂಗಾದು, ಇದು ಹಾಡಾದು," ಎಂದು ಅವನು ನನ್ನನ್ನು ಮರುಕದಿಂದ ನೋಡಿದ. "ಫೋನ್‌ನಾಗೆ ನೀವು ಹಾಡು ಕೇಳಲ್ವೇನ್ರಿ?"

ಹೀಗೆ ಒಂದಷ್ಟು ದಿನ ತಿರುಗಿ, ವಾರ್ಷಿಕೋತ್ಸವ ಹತ್ತಿರ ಬಂದು, ನನಗೆ ನಿದ್ದೆ ಬರದಂತಾದಾಗ ಮತ್ತೋಡಿನಿಂದ ಚಿಕ್ಕಪ್ಪನ ಮಗ ಫೋನು ಮಾಡಿದ. ಚಿಕ್ಕಮ್ಮ ತೀರಿಕೊಂಡಿದ್ದಳು.

ಚಿಕ್ಕಮ್ಮನಿಗೆ ವಯಸ್ಸಾಗಿತ್ತು. ಬಹಳ ದಿನದಿಂದ ಹಾಸಿಗೆ ಹಿಡಿದಿದ್ದಳು. ಶಾಲೆಯ ರಜಗಳನ್ನೆಲ್ಲ ನಾನು ಕಳೆದದ್ದು ಅವಳ ಮನೆಯಲ್ಲೇ. ತಲೆಗೆ ಹರಳೆಣ್ಣೆ ತಟ್ಟಿ, ಕೂಗಾಡಿದರೂ ಬಿಡದೆ ಎರೆದು ಬೆಳೆಸಿದವಳು. ಬಸ್ಸಿನಲ್ಲಿ ಕೂತವನು ಅವಳನ್ನು ನೆನೆಯಬೇಕಿತ್ತು. ನಾನು ಹೊಸದುರ್ಗ ಬರುವವರೆಗೂ ಚಿಂತಿಸಿದ್ದು ಒಂದೇ. ಅಲ್ಲಿ ನನಗೆ ಅಳು ಬರದಿದ್ದರೆ ಜನ ಏನೆಂದುಕೊಳ್ಳುತ್ತಾರೆ ಎಂದು.

ಇಲ್ಲಿ ಆ ಚಿಕ್ಕಪ್ಪನ ಮಗನ ಹೆಂಡತಿಯ ಬಗ್ಗೆ ಹೇಳಬೇಕು. ವರಸೆಯಲ್ಲಿ ನಾನು ಅವಳಿಗೆ ಬಾವ, ಗಂಡನ ಅಣ್ಣ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಬಾವನ ಎದುರು ದನಿ ಎತ್ತುವುದಿಲ್ಲ, ಎದುರಿಗೆ ಕೂರುವುದಿಲ್ಲ, ಹೇಳಬೇಕಾದದ್ದನ್ನು ಬಾಗಿಲ ಮರೆಯಿಂದ ಬೇರೆಯವರ ಮೂಲಕ ಹೇಳುತ್ತಾರೆ. ಅವಳು ಆ ಮನೆಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ನನ್ನ ಕಿವಿಗೆ ಬಿದ್ದದ್ದು "ಕಾಫಿ ಇಟ್ಟೈತೆ ಅನ್ರಿ" ಎಂಬಂಥ ಪಿಸುಮಾತುಗಳು ಮಾತ್ರ. ಇದು ಮರ್ಯಾದೆ ಎಂದು ನನಗೆ ಗೊತ್ತಿತ್ತು. ಆದರೂ ಚಿಂತೆ ಮಾಡುವುದು ನನ್ನ ಸ್ವಭಾವವಾದ್ದರಿಂದ, ಪಾಪ, ಈ ಹೆಣ್ಣುಮಗಳಿಗೆ ಗಂಟಲಲ್ಲೇ ಶಕ್ತಿಯಿಲ್ಲವೇನೋ ಎಂದು ಒಮ್ಮೆ ದುರ್ಗದಿಂದ ಜ್ಯೇಷ್ಠಮಧು ತಂದು ತಮ್ಮನ ಕೈಗೆ ಕೊಟ್ಟು, ಜೇನಿನಲ್ಲಿ ತೇದು ನೆಕ್ಕಿಸು ಎಂದಿದ್ದೆ. ಅವನು ಒಂದು ಥರ ನಕ್ಕಿದ್ದ. ಯಾಕೆ ನಕ್ಕನೆಂದು ಆಗ ತಿಳಿಯಲಿಲ್ಲ.

ಮನೆ ತಲುಪಿದಾಗ ಚಿಕ್ಕಮ್ಮನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೂವು, ವಿಭೂತಿ, ಊದುಬತ್ತಿಯ ಹೊಗೆ. ಸುತ್ತ ಹೆಂಗಸರು. ಗಂಡಸರು ಬಾಗಿಲ ಬಳಿಯ ಜಗುಲಿಯ ಮೇಲೆ. ನಾನು ಹೋಗಿ ಪಾದ ಮುಟ್ಟಿ, ಜಗುಲಿಯ ಅಂಚಿಗೆ ಬಂದು ಕೂತೆ. ಅಳು ನಿಜವಾಗಿಯೂ ಬಂದಿರಲಿಲ್ಲ. ಕರ್ಚೀಫು ಮುಖಕ್ಕೆ ಹಿಡಿದುಕೊಂಡೆ.

ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಬರೀ ಅಳುವುದಿಲ್ಲ. ಸತ್ತವರ ಬಾಳನ್ನು ಮೊದಲಿಂದ ಹೇಳಿಕೊಂಡು ಅಳುತ್ತಾರೆ. ಹೇಳುವ ಹಕ್ಕು ಹತ್ತಿರದವರದು, ಆ ಹೊತ್ತಿಗೆ ಬಾವ ಮಾವ ಎಂಬ ಮರೆಯಿಲ್ಲ. ಮದುವೆಯಾಗಿ ಬಂದದ್ದು, ಹೆತ್ತದ್ದು, ಕಳೆದುಕೊಂಡದ್ದು, ಕಾಯಿಲೆ ಬಿದ್ದದ್ದು, ಎಲ್ಲ ಹೇಳಿ, ಕೊನೆಗೆ ಹೋಗಿ ಬಾ ಎಂದು ಕಳಿಸಿಕೊಟ್ಟು ಮುಗಿಸಬೇಕು. ಅಲ್ಲಿಯವರೆಗೆ ಯಾರೂ ಏಳುವುದಿಲ್ಲ. ಚಿಕ್ಕಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ. ಸೊಸೆಯೇ ಹೇಳಬೇಕಿತ್ತು.

"ಮುದ್ದೆ ಕಟ್ಟಾಕೆ ಬರ್ದೋಳಿಗೆ ಕೈ ಹಿಡ್ದು ಕಲಿಸ್ದೋಳೇ, ನನ್ನತ್ತೇ..."

ಯಾರಿದು ಎಂದು ಕರ್ಚೀಫು ತೆಗೆದು ನೋಡಿದೆ. ನನ್ನ ತಮ್ಮನ ಹೆಂಡತಿ. ಇಪ್ಪತ್ತು ವರ್ಷ ಬಾಗಿಲ ಹಿಂದೆ ಪಿಸುಗುಟ್ಟಿದವಳು.

ಆ ದನಿ ಹೇಗಿತ್ತು ಎಂದು ಹೇಳಲು ನನಗೆ ಈಗಲೂ ನಾಚಿಕೆ, ಯಾಕೆಂದರೆ ಎಲ್ಲವೂ ನೆನಪಿದೆ. ತುಂಬಿದ ಕೊಡವನ್ನು ಅಲುಗಿಸದೆ ಹೊತ್ತು ತರುವವರ ಹಾಗೆ ಅವಳು ಕೆಳಗಿನಿಂದ ದನಿಯನ್ನು ಎತ್ತಿಕೊಂಡು ಬರುತ್ತಿದ್ದಳು. ಮೇಲೆ ಹೋದಾಗ ಅದು ತೆಳ್ಳಗಾಗಲಿಲ್ಲ. ತೊಲೆಗೆ ತಾಕಿ, ಬಾಗಿಲಿನಿಂದ ಹೊರಗೆ ಬಂದು, ಅಂಗಳ ದಾಟಿ, ತೆಂಗಿನ ತೋಟದ ತನಕ ಹೋಯಿತು. ಹಟ್ಟಿಯಲ್ಲಿದ್ದ ಕರಿ ಹಸು ತಲೆಯೆತ್ತಿತು.

"ಹಟ್ಟಿ ಬಾಗ್ಲಾಗೆ ಕರಿಯಾವು ನಿನ್ನೇ ಕೇಳ್ತೈತೆ, ನನ್ನತ್ತೇ... ನಾನೇನಂತ ಹೇಳ್ಲಿ ಅದಕೆ, ನನ್ನತ್ತೇ..."

ಸಿಕ್ಕಿತು ಎಂದುಕೊಂಡೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಆದದ್ದು ಅದೇ. ಹಿರಿಯೂರು, ಹೊಳಲ್ಕೆರೆ, ಚಿಕ್ಕಜಾಜೂರು ತಿರುಗಿದ್ದಕ್ಕೆ ಕೊನೆಗೂ ಸಿಕ್ಕಿತು, ಅದೂ ನಮ್ಮ ಮನೆಯಲ್ಲೇ ಎಂದು ನನಗೆ ಸಂತೋಷವಾಯಿತು. ಎದುರಿಗೆ ಚಿಕ್ಕಮ್ಮ ಕೂತಿದ್ದಳು. ನನ್ನ ಕಣ್ಣು ತಾನಾಗಿ ಮುಚ್ಚಿತು. ಕಚೇರಿಯಲ್ಲಿ ಕೂತವರಂತೆ ತಲೆ ನಿಧಾನವಾಗಿ ಆಡಿತು. ಬಡಾವಣೆಯ ಸಂಘದ ವೇದಿಕೆ ಕೂಡ ಒಂದು ಕ್ಷಣ ಕಣ್ಣ ಮುಂದೆ ಬಂದು ಹೋಯಿತು.

ಆಮೇಲೆ ದನಿ ನಿಂತಿತು. ಸಾಲಿನ ನಡುವೆ.

ಕಣ್ಣು ಬಿಟ್ಟೆ. ತಮ್ಮನ ಹೆಂಡತಿ ನನ್ನನ್ನು ನೋಡುತ್ತಿದ್ದಳು. ಮುಖದ ಕಡೆಗಲ್ಲ, ತೊಡೆಯ ಕಡೆಗೆ. ಅವಳು ನೋಡಿದ ಕಡೆಗೆ ಉಳಿದ ಹೆಂಗಸರೂ ನೋಡಿದರು. ಆಮೇಲೆ ನಾನೂ ನೋಡಿದೆ. ಅಲ್ಲಿ ನನ್ನ ಬಲಗೈ ತಾಳ ಹಾಕುತ್ತಿತ್ತು. ತಟ್ಟಿ, ಬೆರಳು ಮಡಿಸಿ, ಅಂಗೈ ಮಗುಚುವ ಜಾಗಕ್ಕೆ ಬಂದು, ಮಗುಚಿದಂತೆಯೇ ಗಾಳಿಯಲ್ಲಿ ನಿಂತಿತ್ತು, ಏನಾದರೂ ಹಾಕಿ ಎಂದು ಕೇಳುವವರ ಕೈಯ ಹಾಗೆ.

"ಯಾಕವ್ವ ನಿಲ್ಸಿದೆ? ಇನ್ನೂ ಅರ್ಧಾನೂ ಹೇಳಿಲ್ವಲ್ಲ," ಎಂದರು ದೊಡ್ಡಮ್ಮ. ಇವರು ಚಿಕ್ಕಮ್ಮನ ವಾರಗಿತ್ತಿ, ಆ ಊರಿನಲ್ಲಿ ನಮ್ಮ ಮನೆತನಕ್ಕೆ ಹಿರಿಯರು. ತಮ್ಮನ ಹೆಂಡತಿ ಸೆರಗನ್ನು ತಲೆಯ ಮೇಲಿಂದ ಬಾಯಿಗೆ ಎಳೆದುಕೊಂಡಳು. ಮತ್ತೆ ಬಾಯಿ ಬಿಡಲಿಲ್ಲ. ಬೇರೆಯವರು ಅಲ್ಲಲ್ಲಿ ಎತ್ತಿಕೊಂಡು ನೋಡಿದರು. ಅದು ಅವರು ಹೇಳುವ ಮಾತಾಗಿರಲಿಲ್ಲ. ಚಿಕ್ಕಮ್ಮನ ಬಾಳು ಅರ್ಧಕ್ಕೇ ನಿಂತು, ಹೊತ್ತಾಯಿತೆಂದು ಅವಳನ್ನು ಹಾಗೆಯೇ ಎತ್ತಿಕೊಂಡು ಹೋದರು.

ಮಣ್ಣು ಮಾಡಿ ಬರುವಾಗ ದೊಡ್ಡಮ್ಮ ಜಗುಲಿಯಲ್ಲಿ ನನ್ನನ್ನು ತಡೆದರು. "ಏನಪ್ಪ, ಚಿಕ್ಕಮ್ಮ ಸತ್ಲು ಅಂತ ಬಂದ್ಯೋ, ಕಚೇರಿ ಐತೆ ಅಂತ ಬಂದ್ಯೋ?"

ಆಗ ಅಳು ಬಂತು. ಯಾರೂ ನಂಬಲಿಲ್ಲ.

ಹಾಲುತುಪ್ಪದ ದಿನ ಹೋದೆ. ತಿಥಿಗೂ ಹೋದೆ. ನಂಟರ ನಡುವೆ ನನ್ನ ಹೆಸರು ಬದಲಾಗಿತ್ತು. ದಾವಣಗೆರೆಯಲ್ಲಿ ಅಂಗಡಿಯಿಟ್ಟುಕೊಂಡ ಷಡ್ಡಕನೊಬ್ಬ, ನಾನು ಹೋಳಿಗೆ ಮುರಿಯುವಾಗ, "ಸ್ವಲ್ಪ ದೂರ ಕುಂತ್ಕಳ್ರಪ್ಪ, ತಾಳದೋರು ಅವ್ರೆ, ಎಲೆಗೆ ಏಟು ಬಿದ್ದಾತು," ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಇದ್ದವನು ತಮ್ಮ ಒಬ್ಬನೇ. ಊಟವಾದ ಮೇಲೆ ಹುಣಸೆಮರದ ಕೆಳಗೆ ನಿಂತು ಅವನು ಹೇಳಿದ.

"ಅಣ್ಣ, ಅವಳು ಅತ್ತಿಲ್ಲ. ಮಾತಾಡ್ಸೋಕೆ ಬಂದೋರು ತಬ್ಬಿಕಂಡು ಅಳ್ತಾರೆ, ಇವಳು ಬಾಯಿಗೆ ಸೆರಗು ತುರುಕ್ಕಂಡು ನಿಂತಿರ್ತಾಳೆ. ಅವ್ವನ್ನ ಅರ್ಧ ದಾರೀಲಿ ಬಿಟ್ಟೆ ಅಂತಾಳೆ. ಊಟ ಸೇರ್ತಿಲ್ಲ."

"ಡಾಕ್ಟರಿಗೆ ತೋರಿಸ್ಬೇಕೇನೋ?"

ತಮ್ಮ ನನ್ನನ್ನೇ ನೋಡಿದ. "ಜ್ಯೇಷ್ಠಮಧು ಏನಾರ ಐತಾ ನಿನ್ ಹತ್ರ?" ಎಂದ. ಹಿಂದೆ ಯಾಕೆ ನಕ್ಕಿದ್ದನೆಂದು ಆಗ ತಿಳಿಯಿತು. ಊರಿನ ಮದುವೆಗಳಲ್ಲಿ ಸೋಬಾನೆ ಎತ್ತಿಕೊಡುತ್ತಿದ್ದವಳೇ ಅವಳು. ನಾನು ಗಂಡಸರ ಪಂಕ್ತಿಯಲ್ಲಿ ಕೂತಿರುತ್ತಿದ್ದೆ. ಬಾವ ಬಂದಿದ್ದಾರೆ ಎಂದರೆ ಅವಳು ಹಾಡನ್ನು ಬೇರೆಯವರಿಗೆ ಬಿಟ್ಟು ಒಳಗೆ ಹೋಗುತ್ತಿದ್ದಳಂತೆ.

ವಾರ್ಷಿಕೋತ್ಸವ ಬಂತು. ತುಂಬುಕಂಠದವರು ಸಿಗಲಿಲ್ಲ ಎಂದು ಸಂಘದಲ್ಲಿ ಹೇಳಿದೆ. ಸಾಬರು ನನ್ನ ಮುಖ ನೋಡಿ, ಹಿರಿಯೂರಿನ ಆ ಹುಡುಗಿಯನ್ನೇ ಕರೆಸಿದರು. ಅವಳು ಮೈಕು ಹಿಡಿದು ಬಹಳ ಚೆನ್ನಾಗಿ ಹಾಡಿದಳು. ನಾನು ಕೊನೆಯ ಸಾಲಿನಲ್ಲಿ, ಮಿಕ್ಸರಿನಿಂದ ಆದಷ್ಟು ದೂರ, ಕೈ ತೊಡೆಯ ಕೆಳಗಿಟ್ಟುಕೊಂಡು ಕೂತು ಕೇಳಿದೆ.

ಅದಾದ ಮೇಲೆ ಒಂದು ಭಾನುವಾರ ಮತ್ತೋಡಿಗೆ ಹೋದೆ. ತಪ್ಪಾಯಿತು ಎನ್ನಬೇಕಿತ್ತು. ಬಾವ ತಮ್ಮನ ಹೆಂಡತಿಗೆ ತಪ್ಪಾಯಿತು ಎನ್ನುವುದು ಹೇಗೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅಂಥ ಪದ್ಧತಿಯೇ ಇಲ್ಲ. ಬಸ್ಸಿನಲ್ಲಿ ನಾಲ್ಕಾರು ರೀತಿಯಲ್ಲಿ ಹೇಳಿ ನೋಡಿಕೊಂಡೆ. ಪಕ್ಕದವನು ಬೇರೆ ಸೀಟಿಗೆ ಹೋದ.

ತಮ್ಮ ತೋಟದಲ್ಲಿದ್ದ. ಜಗುಲಿಯ ಮೇಲೆ ದೊಡ್ಡಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಬಾರಪ್ಪ, ಕುಂತ್ಕ. ಇವತ್ತು ತಬ್ಲದೋರು ಬರ್ಲಿಲ್ವ ಜತಿಗೆ?"

"ದೊಡ್ಡಮ್ಮ, ಅವಳಿಗೆ ಒಂದು ಮಾತು ಹೇಳ್ಬೇಕಿತ್ತು."

"ನಂಗ್ ಹೇಳು. ನಾನ್ ಹೇಳ್ತೀನಿ."

ಅವಳು ಬಾಗಿಲ ಹಿಂದೆಯೇ ಇದ್ದಳು. ಚೌಕಟ್ಟಿನ ಮೇಲೆ ಅವಳ ಬೆರಳುಗಳೂ ಒಂದೆರಡು ಬಳೆಗಳೂ ಕಾಣುತ್ತಿದ್ದವು. ನಾನು ಹುಣಸೆಹಣ್ಣಿನ ಕಡೆ ನೋಡುತ್ತ ಹೇಳಿದೆ. "ಅವತ್ತು ತಪ್ಪಾಯ್ತು. ಬೇಕಂತ ಮಾಡಿದ್ದಲ್ಲ. ಕೈ ತಾನಾಗೇ ಆಡ್ಬಿಡ್ತು."

ದೊಡ್ಡಮ್ಮ ಬಾಗಿಲ ಕಡೆ ತಿರುಗಿದರು. "ಕೇಳಿಸ್ತೇನೆ? ನಿಮ್ ಬಾವಂದಲ್ಲಂತೆ ತಪ್ಪು, ಕೈದಂತೆ."

"ಹಂಗಲ್ಲ ದೊಡ್ಡಮ್ಮ, ನಂದೇ."

"ಅವನ್ದೇ ಅಂತೆ ಕಣೆ."

ಒಳಗಿನಿಂದ ಪಿಸುದನಿ ಬಂತು. "ಬಾವನೋರ ಮ್ಯಾಲೆ ನಂಗೇನೂ ಸಿಟ್ಟಿಲ್ಲ ಅನ್ರಿ." ಚೌಕಟ್ಟಿನ ಮೇಲಿನ ಬೆರಳುಗಳು ಸರಿದು, ಅದೇ ದನಿ ಮತ್ತೆ ಬಂತು. "ನಾನು ಅತ್ತೆಮ್ಮನ್ನ ಕರೀತಿದ್ದೆ. ಅವರ ಕೈ ನೋಡಿದ್ ಮ್ಯಾಲೆ, ನಾನು ಅಳ್ತಿದೀನೋ ಹಾಡ್ತಿದೀನೋ ನಂಗೇ ತಿಳೀದಂಗಾತು. ಈಗ ಬಾಯ್ ತೆಗೆದ್ರೆ ನನ್ ದನಿ ನಂಗೇ ಕೇಳಿಸ್ತೈತೆ. ಅದನ್ನ ಕೇಳಿಸ್ಕಂತ ಅಳಾದೆಂಗೆ."

ಈ ಮಾತನ್ನು ದೊಡ್ಡಮ್ಮ ನನಗೆ ದಾಟಿಸಲಿಲ್ಲ. ಬೀಜ ಬಿಡಿಸುವುದನ್ನು ನಿಲ್ಲಿಸಿದ್ದರು.

ಆಗ ಅಂಗಳದಲ್ಲಿ ಆಟೋ ಬಂದು ನಿಂತಿತು. ಇಳಿದವರು ಚಿಕ್ಕಮ್ಮನ ತಂಗಿ, ತಾಳ್ಯದವರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರಿಂದ ಅಕ್ಕನ ಸಾವಿಗೆ ಬರಲಾಗಿರಲಿಲ್ಲ. ಹೀಗೆ ತಡವಾಗಿ ಬಂದವರಿಗೆ ಮನೆಯ ಹೆಂಗಸರು ಎಲ್ಲವನ್ನೂ ಮೊದಲಿನಿಂದ ಹೇಳಿ ಅಳಬೇಕು. ಬಂದವರಿಗೆ ಸಾವು ಅಂದೇ ಆದಂತೆ. ಆ ಮುದುಕಿ ಆಟೋದ ಕಂಬಿ ಹಿಡಿದುಕೊಂಡೇ "ಅಕ್ಕಾ" ಎಂದು ಶುರು ಮಾಡಿದರು. ತಮ್ಮನ ಹೆಂಡತಿ ಬಾಗಿಲು ಬಿಟ್ಟು ಓಡಿ ಬಂದಳು. ಅವರನ್ನು ತಬ್ಬಿಕೊಂಡಳು. ಬಾಯಿ ತೆರೆದಳು. ಅವರ ಹೆಗಲ ಮೇಲಿಂದ ಅವಳಿಗೆ ನಾನು ಕಂಡೆ. ಬಾಯಿ ಮುಚ್ಚಿಕೊಂಡಿತು.

ದೊಡ್ಡಮ್ಮ ನನ್ನನ್ನು ನೋಡಿದರು. ಅವರ ನೋಟದಲ್ಲಿ ಈ ಸಲ ಕುಚೋದ್ಯವಿರಲಿಲ್ಲ. "ಎದ್ದೋಗಪ್ಪ," ಎಂದರು ಮೆಲ್ಲಗೆ. "ದೂರ ಹೋಗು."

ನಾನು ಚೀಲ ತೆಗೆದುಕೊಂಡು, ಅವರಿಬ್ಬರ ಕಡೆ ನೋಡದೆ, ಅಂಗಳದ ಅಂಚಿನಿಂದ ತೋಟದ ದಾರಿಗೆ ಇಳಿದೆ. ತಿರುಗಿ ನೋಡಲಿಲ್ಲ. ಸೋಗೆಗಳ ಮೇಲೆ ಕಾಲಿಟ್ಟು ಬೇಗ ಬೇಗ ನಡೆದೆ. ತೋಟದ ಅರ್ಧಕ್ಕೆ ಬರುವ ಹೊತ್ತಿಗೆ ಹಿಂದಿನಿಂದ ಅದು ಎದ್ದಿತು. ಮೊದಲು ಒಡಕಾಗಿ, ಆಮೇಲೆ ತುಂಬಿಕೊಂಡು. ನಿಲ್ಲಬೇಕು ಅನ್ನಿಸಿತು. ಒಂದು ಮರಕ್ಕೆ ಒರಗಿ, ಯಾರಿಗೂ ಕಾಣದಂತೆ ನಿಂತು ಕೇಳಿದರೆ ಯಾರಿಗೇನು ತೊಂದರೆ ಎಂದೂ ಅನ್ನಿಸಿತು. ಅವಳಿಗೆ ಗೊತ್ತಾಗದಿರಬಹುದು. ನನಗೆ ಗೊತ್ತಿರುತ್ತದೆ.

ಕೇಳಿಸದಷ್ಟು ದೂರ ಹೋಗಬೇಕೆಂದು ನಡೆದೆ. ಆದರೆ ತುಂಬುಕಂಠದಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ. ತೋಟ ಮುಗಿಯಿತು, ಕೇಳಿಸುತ್ತಿತ್ತು. ಹಳ್ಳದ ಸೇತುವೆ ದಾಟಿದೆ, ಕೇಳಿಸುತ್ತಿತ್ತು. ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತಿದ್ದವನೊಬ್ಬ ಬೀಡಿ ಕೈಯಲ್ಲೇ ಹಿಡಿದುಕೊಂಡು ಆ ಕಡೆಗೇ ಕಿವಿಗೊಟ್ಟಿದ್ದ. ನಾನು ನಿಲ್ಲದೆ ಮುಂದೆ ಹೋಗುವುದನ್ನು ನೋಡಿ ಕರೆದ.

"ಬಸ್ಸು ಇಲ್ಲೇ ನಿಲ್ಲಾದು ಸ್ವಾಮಿ. ಎಲ್ಲಿಗೋಯ್ತೀರಿ?"

"ಮುಂದಿನ ಸ್ಟಾಪಿಗೆ."

"ಈ ಬಿಸ್ಲಾಗೆ? ಯಾಕೆ?"

"ನಡೆಯೋದು ಒಳ್ಳೇದು ಅಂದವ್ರೆ ಡಾಕ್ಟ್ರು."

ಅವನು ನನ್ನನ್ನು ಬಿಟ್ಟು ಮತ್ತೆ ಆ ಕಡೆ ತಿರುಗಿದ. ಕರಿಯಾವಿನ ಮಾತು ಸೇತುವೆಯ ಹತ್ತಿರ ಕಿವಿಗೆ ಬಿದ್ದಿತ್ತು, ಈಗ ಅವಳು ಅದನ್ನು ದಾಟಿ ಮುಂದೆ ಹೋಗಿದ್ದಳು. ಅವತ್ತು ನಿಂತ ಜಾಗ ಅದೇ. ಅದರಾಚೆಯ ಮಾತು ನನಗೆ ಗೊತ್ತಿಲ್ಲ, ದೂರದಿಂದ ದನಿ ಬರುತ್ತಿತ್ತೇ ಹೊರತು ಮಾತು ಬಿಡಿಸಿಕೊಂಡು ಬರುತ್ತಿರಲಿಲ್ಲ. ನಾನು ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು ಡಾಂಬರು ರಸ್ತೆಯ ಬದಿಯಲ್ಲಿ ನಡೆಯುತ್ತಿದ್ದೆ. ಜೇಬಿನಲ್ಲಿ ಬಿ.ಪಿ. ಮಾತ್ರೆಯ ಹಾಳೆಯಿತ್ತು. ಅದು ಚರ್ ಚರ್ ಎಂದು ಸದ್ದು ಮಾಡುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಆ ಸದ್ದಿಗೊಂದು ಲೆಕ್ಕವಿದೆ ಎಂದು ತಿಳಿಯಿತು. ಕೈಯನ್ನು ಹೊರಗೆ ತೆಗೆದು, ಬೆನ್ನ ಹಿಂದೆ ಕಟ್ಟಿ, ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡು, ಏನೂ ಕೇಳಿಸದಾಗುವವರೆಗೂ ಹಾಗೆಯೇ ನಡೆದೆ.